ನೂರು ಕಂಡಿಕೆಯ ಸರ

ಮೊನ್ನೆ ಶುಕ್ರವಾರ ಅಡುಗೆಮನೆಯಿಂದ ಮೈದಾ ಬೇಯುವ ವಾಸನೆ ಬಂತು. ತಿನ್ನುವ ಹಿಟ್ಟಿನ ವಾಸನೆಯಲ್ಲ. ನೀರು ನೀರಾಗಿ ಕುದಿದು, ಗಟ್ಟಿಯಾಗಿ, ತಳ ಹಿಡಿಯುವಾಗ ಬರುವ ಸಪ್ಪೆ ವಾಸನೆ. ಹೋಗಿ ನೋಡಿದರೆ ನನ್ನ ಅಣ್ಣನ ಮಗಳು ಒಲೆ ಮುಂದೆ ಅಂಟು ಕಾಯಿಸುತ್ತಾ ನಿಂತಿದ್ದಳು. ಅವಳೂ ಈಗ ಸ್ಕೂಲ್ ಟೀಚರು. ಮಾರನೆಯ ದಿನ ಸುತ್ತಲಿನ ಶಾಲೆಗಳ ಟೀಚರುಗಳದ್ದೆಲ್ಲ ಮೀಟಿಂಗಂತೆ. ಫೋನಿನಲ್ಲಿ ಬಿಟ್ಟಿಯಾಗಿ ಸಿಕ್ಕ ಚಿತ್ರಗಳನ್ನು ಪ್ರಿಂಟ್ ಹಾಕಿಸಿ ರಟ್ಟಿಗೆ ಅಂಟಿಸಿಕೊಂಡು ಹೋಗಬೇಕಂತೆ.

"ಒಂಚೂರು ಮೈಲುತುತ್ತ ಹಾಕೇ, ಇಲ್ದಿದ್ರೆ ಜಿರಳೆ ತಿಂದ್ಹಾಕ್ತವೆ," ಎಂದೆ.

"ಅಯ್ಯೋ, ಅದು ವಿಷ ಅತ್ತೆ! ಮಕ್ಕಳು ಎಲ್ಲಾನೂ ಬಾಯಿಗೆ ಹಾಕ್ಕೋತವೆ. ನಿಮಗಿದನ್ನ ಯಾರು ಹೇಳ್ಕೊಟ್ರು?"

ಹೌದಲ್ಲ, ನಮಗೆ ಆಗ ಅದು ಹೊಳೆದೇ ಇರಲಿಲ್ಲ. ಹೇಳಿಕೊಟ್ಟವರು ಪಕ್ಕದೂರಿನ ಮೇಷ್ಟ್ರು...

ಅರವತ್ತರ ದಶಕದ ಕೊನೆಯ ಮಾತು. ಟ್ರೈನಿಂಗ್ ಮುಗಿಸಿದವಳಿಗೆ ಸಾಸಲು ಹೋಬಳಿಯ ಒಂದು ಹಳ್ಳಿಗೆ ಕೆಲಸ ಆಯಿತು. ಒಂದೇ ಕೋಣೆ, ನಾಲ್ಕು ತರಗತಿ, ನಾನೊಬ್ಬಳೇ ಟೀಚರು. ಟ್ರೈನಿಂಗಿನಲ್ಲಿ ಕಲಿಸಿದ್ದೆಲ್ಲ ತರಗತಿಗೊಬ್ಬ ಟೀಚರ್ ಇರುವ ಯಾವುದೋ ಲೋಕದ್ದು. ಇಲ್ಲಿ ನಾಲ್ಕನೆಯವರಿಗೆ ಲೆಕ್ಕ ಹೇಳುತ್ತಿದ್ದರೆ ಒಂದನೆಯವರು ಹೊರಗೆ ಹೋಗಿ ಎಮ್ಮೆ ಹತ್ತಿಕೊಂಡಿರುತ್ತಿದ್ದರು. ಹದಿನಾರರ ಮಗ್ಗಿಯನ್ನು ಭಜನೆಯ ಹಾಗೆ ಹಾಡುವ ಮಕ್ಕಳಿಗೆ ಐವತ್ತೆರಡರಲ್ಲಿ ಹದಿನೇಳು ಕಳೆಯಿರಿ ಎಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದವು.

ಸರ್ಕಾರದಿಂದ ಬಂದ ಕಲಿಕೆಯ ಸಾಮಾನಿನ ಮರದ ಪೆಟ್ಟಿಗೆಯೊಂದು ಇತ್ತು. ಇತ್ತು ಅಷ್ಟೆ. ನನಗಿಂತ ಮುಂಚೆ ಇದ್ದವರು ಬೀಗದಕೈ ಕೊಡುವಾಗಲೇ ಹೇಳಿದ್ದರು: "ಮುಟ್ಟೋಕೆ ಹೋಗ್ಬೇಡಿ ಟೀಚರಮ್ಮ. ಸ್ಟಾಕ್ ಪುಸ್ತಕದಲ್ಲಿ ಎಲ್ಲಾ ಬರ್ದಿದೆ. ಒಂದು ಮುರಿದ್ರೆ ಉತ್ತರ ಹೇಳೋರ್ಯಾರು?" ನಾನೂ ಬೀಗ ಹಾಕಿಯೇ ಇಟ್ಟೆ. ಆಗ ಎಲ್ಲರೂ ಹಾಗೇ ಇಡುತ್ತಿದ್ದರು. ವರ್ಷಕ್ಕೊಮ್ಮೆ ಧೂಳು ಒರೆಸುವುದೇ ಆ ಪೆಟ್ಟಿಗೆಗೆ ನಾವು ಮಾಡುವ ಪೂಜೆ.

ಎರಡು ತಿಂಗಳಿಗೇ ನಾನು ಸೋತು ಸುಣ್ಣವಾದೆ. ಅಪ್ಪ ಕಾಗದ ಬರೆದಿದ್ದರು, ಆಗದಿದ್ದರೆ ಬಿಟ್ಟು ಬಾ ಎಂದು. ಇನ್ಸ್‌ಪೆಕ್ಟರು ಬರುವ ಸುದ್ದಿ ಬೇರೆ ಇತ್ತು. ನಾನು ಒಂದು ರಾಜೀನಾಮೆ ಬರೆದು ಬ್ಯಾಗಿನಲ್ಲಿಟ್ಟುಕೊಂಡೆ. ಇನ್ಸ್‌ಪೆಕ್ಟರು ಬಂದ ದಿನ ಅವರ ಕೈಗೇ ಕೊಟ್ಟು ಬಸ್ಸು ಹತ್ತುವುದು ಅಂತ.

ಪಕ್ಕದೂರಿನ ಮೇಷ್ಟ್ರ ವಿಷಯ ನನಗೆ ಹೇಳಿದ್ದು ನಮ್ಮೂರಿನ ಪೋಸ್ಟಿನವನು, ನಗುತ್ತಲೇ. ಅವರನ್ನು ಸುತ್ತಮುತ್ತ "ಚಿಂದಿ ಮೇಷ್ಟ್ರು" ಅನ್ನುತ್ತಿದ್ದರು. ದಾರಿಯಲ್ಲಿ ಬೆಂಕಿಪೊಟ್ಟಣ ಬಿದ್ದಿರಲಿ, ಸೋಡಾ ಬಾಟಲಿಯ ಮುಚ್ಚಳ ಬಿದ್ದಿರಲಿ, ಸೈಕಲ್ ಇಳಿದೇ ಸೈ. ಶನಿವಾರ ಅರ್ಧ ದಿನದ ಸ್ಕೂಲು ಮುಗಿದ ಮೇಲೆ ಸುತ್ತಲಿನ ಐದಾರು ಶಾಲೆಯವರು ಅವರ ಜಗಲಿಯಲ್ಲಿ ಸೇರುತ್ತಿದ್ದರು. ಸರ್ಕಾರ ಹೇಳಿದ್ದಲ್ಲ, ಯಾರ ಅಪ್ಪಣೆಯೂ ಇಲ್ಲ. ತಿಂಗಳಿಗೊಂದು ಸಲ, ಕಡಲೆಪುರಿ, ಕಾಫಿ, ಒಲೆಯ ಮೇಲೆ ಮೈದಾ ಅಂಟು.

ಅಲ್ಲಿ ನಡೆಯುತ್ತಿದ್ದುದು ವಿಚಿತ್ರ. ಚೆನ್ನಾಗಿ ಮಾಡಿದ ಪಾಠದ ಸುದ್ದಿ ಯಾರೂ ಎತ್ತುವಂತಿಲ್ಲ. ಆ ತಿಂಗಳು ಕೆಟ್ಟುಹೋದ ಪಾಠವನ್ನು ಒಬ್ಬರು ಎದ್ದು ನಿಂತು ಮಾಡಿ ತೋರಿಸಬೇಕು. ಉಳಿದವರು ಚಾಪೆಯ ಮೇಲೆ ಮಕ್ಕಳಾಗಿ ಕೂರುವುದು. ಆಮೇಲೆ ಮೇಷ್ಟ್ರು ತಮ್ಮ ತಗಡಿನ ಟ್ರಂಕು ತೆಗೆಯುತ್ತಿದ್ದರು. ಹುಣಸೆಬೀಜ, ರಟ್ಟಿನ ಗಡಿಯಾರ, ಚಿತ್ರದ ಕಾರ್ಡು... ಬೇಕಾದ್ದು ಒಯ್ಯಬಹುದು. ಸಹಿ ಇಲ್ಲ, ಪುಸ್ತಕ ಇಲ್ಲ. "ತಗೊಂಡೋಗಿ. ವಾಪಸ್ ತರೋವಾಗ ನೀವು ಮಾಡಿದ್ದು ಒಂದು ಜಾಸ್ತಿ ತಗೊಂಬನ್ನಿ, ಅಷ್ಟೇಯ," ಅನ್ನುತ್ತಿದ್ದರು.

ಕೆಲಸ ಬಿಡುವ ಮುಂಚೆ ಅದನ್ನೂ ಒಮ್ಮೆ ನೋಡೋಣ ಅಂತ ನಾನೂ ಹೋದೆ. ಮೊದಲ ಸಲ ಮೂಲೆಯಲ್ಲಿ ಕೂತು ನೋಡಿದೆ. ಹೊರಡುವಾಗ ಮೇಷ್ಟ್ರೇ ಒಂದು ಸರ ಕೈಗೆ ಹಾಕಿದರು. ಬಳ್ಳಾಪುರದ ನೇಕಾರರು ನೂಲು ಸುತ್ತಿ ಲಾಳಿಯೊಳಗೆ ಇಡುವ ಪುಟ್ಟ ಕೊಳವೆ ಇದೆಯಲ್ಲ, ಕಂಡಿಕೆ, ಅದರ ನೂರು ಹಳೆಯ ತುಂಡು. ಹತ್ತು ಕೆಂಪು, ಹತ್ತು ಹಸಿರು, ಹತ್ತು ಅರಿಸಿನ, ಹೀಗೆ ಮಗ್ಗದವರ ಉಳಿದ ಬಣ್ಣದಲ್ಲೇ ಅದ್ದಿ, ಗಟ್ಟಿ ದಾರಕ್ಕೆ ಪೋಣಿಸಿದ್ದರು. ಏನು ಚೆಂದ ಇತ್ತು ಅಂತೀರಿ! ಅಷ್ಟು ಚೆಂದದ ವಸ್ತು, ಅದೂ ಬೇರೆಯವರದು. ತಂದವಳೇ ನನ್ನ ಕುರ್ಚಿಯ ಹಿಂದೆ ಎತ್ತರದ ಮೊಳೆಗೆ ನೇತುಹಾಕಿದೆ. ಇನ್ಸ್‌ಪೆಕ್ಟರು ಬಂದಾಗ ಕಾಣಲಿ ಅಂತ ಸಹ. ಮಕ್ಕಳು ಕತ್ತೆತ್ತಿ ಕತ್ತೆತ್ತಿ ನೋಡುತ್ತಿದ್ದವು. ಮೂರನೆಯ ತರಗತಿಯ ಒಂದು ಹುಡುಗಿ ಬೆಂಚಿನ ಮೇಲೆ ಹತ್ತಿ ಕೈಚಾಚಿದಾಗ ಗದರಿಸಿ ಇಳಿಸಿದೆ.

ಮುಂದಿನ ಸಭೆಗೆ ಸರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪೇಪರಿನಲ್ಲಿ ಸುತ್ತಿಕೊಂಡು ಹೋದೆ. ಮೇಷ್ಟ್ರು ಬಿಚ್ಚಿ, ಮೂಗಿಗೆ ಹಿಡಿದು ನೋಡಿದರು.

"ಇದಕ್ಕೆ ಒಂದು ಮಗೂನ ಕೈಯಾದ್ರೂ ತಾಗಿದೆಯೇನಮ್ಮ?"

ಅವರ ಮುಖ ಸಣ್ಣಗಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಸಾಮಾನು ಹಾಳಾಗ್ಬಾರ್ದು ಅಂತ ಜೋಪಾನ ಮಾಡಿದ್ದೇ ತಪ್ಪಾ ಮೇಷ್ಟ್ರೇ? ಹೋಗ್ಲಿ ಬಿಡಿ, ನಾನೇ ಹೋಗ್ತಾ ಇದೀನಿ," ಎಂದು ಬ್ಯಾಗಿನಿಂದ ರಾಜೀನಾಮೆ ತೆಗೆದು ಚಾಪೆಯ ಮೇಲಿಟ್ಟೆ. ಎಲ್ಲರ ಎದುರಿಗೇ ಅತ್ತುಬಿಟ್ಟೆ ಕೂಡ. ಈಗ ನೆನೆಸಿಕೊಂಡರೂ ನಾಚಿಕೆ.

ಮೇಷ್ಟ್ರು ಕಾಗದವನ್ನು ಪೂರ್ತಿ ಓದಿದರು. ಹೋಗಬೇಡ ಅನ್ನಲಿಲ್ಲ. "ಕೊಡೋದಾದ್ರೆ ಕೊಡಿ ತಾಯಿ. ಅದಕ್ಕೆ ಮುಂಚೆ ನಿಮ್ಮ ಕೆಟ್ಟ ಪಾಠ ಒಂದು ಮಾಡಿ. ಈ ಸಲ ನಿಮ್ಮ ಸರದಿ," ಎಂದವರೇ ರುಮಾಲು ತೆಗೆದಿಟ್ಟು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

ಕಣ್ಣೊರೆಸಿಕೊಂಡು ಶುರು ಮಾಡಿದೆ. ಐವತ್ತೆರಡರಲ್ಲಿ ಹದಿನೇಳು. ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಪಕ್ಕದ ಮನೆಯಿಂದ ಹತ್ತು ಕೇಳಿ ತರಬೇಕು.

ಐವತ್ತು ದಾಟಿದ ಮೇಷ್ಟ್ರು ಕಿರುಬೆರಳು ಎತ್ತಿ ಕೇಳಿದರು: "ಟೀಚರಮ್ಮ, ಪಕ್ಕದ್ಮನೆಯೋರು ಕೊಡಾಕಿಲ್ಲ ಅಂದ್ರೆ?"

ಚಾಪೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ನಗು ಅರ್ಧಕ್ಕೇ ನಿಂತಿತು. ಬೆಂಚು ಹತ್ತಿದ್ದಳಲ್ಲ, ಆ ಹುಡುಗಿ ಹಿಂದಿನ ವಾರವಷ್ಟೇ ನನ್ನನ್ನು ಕೇಳಿದ್ದಳು, "ಪಕ್ಕದ್ಮನೇಲಿ ಹತ್ತು ಐತೆ ಅಂತ ನಮಗೆಂಗೆ ಗೊತ್ತಾಯ್ತದೆ?" ಎಂದು. ತಲೆಹರಟೆ ಅಂತ ಹೊರಗೆ ನಿಲ್ಲಿಸಿದ್ದೆ. ಅವಳು ಕೇಳಿದ್ದು ನ್ಯಾಯವಾಗೇ ಇತ್ತು. ಆ ಹತ್ತನ್ನು ಅವಳಿಗೆ ನಾನು ಕಣ್ಣಾರೆ ತೋರಿಸಿರಲೇ ಇಲ್ಲ. ತೋರಿಸುವ ವಸ್ತು ನನ್ನ ಕುರ್ಚಿಯ ಹಿಂದೆ ಮೊಳೆಗೆ ನೇತಾಡುತ್ತಿತ್ತು.

ಮೇಷ್ಟ್ರಿಗೆ ಹೇಳಿದೆ. ಅವರು ಸರವನ್ನೂ ರಾಜೀನಾಮೆಯನ್ನೂ ಮತ್ತೆ ನನ್ನ ಕೈಗೇ ಹಾಕಿದರು.

ಸೋಮವಾರ ಸರವನ್ನು ಅವಳಿಗೇ ಕೊಟ್ಟೆ. ಅವಳು ಐವತ್ತೆರಡು ಎಣಿಸಿ, ಅಲ್ಲಿಂದ ಒಂದೊಂದೇ ಹಿಂದಕ್ಕೆ ತಳ್ಳುತ್ತಾ ಬಣ್ಣದಿಂದ ಬಣ್ಣಕ್ಕೆ ದಾಟಿ ಮೂವತ್ತೈದಕ್ಕೆ ಬಂದು ನಿಂತಳು. "ಹೇ, ಕೇಳೋದೇ ಬ್ಯಾಡ, ನಮ್ಮತ್ರಾನೇ ಐತೆ!" ಎಂದು ಕೂಗಿದಳು. ಆಮೇಲೆ ಸರ ನೆಲ ಕಂಡಿತು, ಮಣ್ಣು ಕಂಡಿತು, ಒಬ್ಬ ಅದನ್ನು ಎಮ್ಮೆಯ ಕೊರಳಿಗೂ ಹಾಕಿ ಬಂದ. ಸರ್ಕಾರದ ಪೆಟ್ಟಿಗೆಯ ಬೀಗವನ್ನೂ ತೆಗೆದೆ, ಬಂದದ್ದು ಬರಲಿ ಎಂದು.

ಇನ್ಸ್‌ಪೆಕ್ಟರು ಬಂದೇ ಬಂದರು. ಎರಡು ಬೆರಳಿನ ತುದಿಯಲ್ಲಿ ಸರ ಎತ್ತಿ, "ಇದೇನಮ್ಮ, ಇಷ್ಟೊಂದು ಕೊಳೆ?" ಎಂದರು. "ಮಕ್ಕಳು ಮುಟ್ಟಿದ್ದು ಸಾರ್," ಎಂದೆ. ಅವರು ಆ ಹುಡುಗಿಯನ್ನು ಕರೆದು ತೊಂಬತ್ತೊಂದರಲ್ಲಿ ನಲವತ್ತಾರು ಕಳೆಯೆಂದರು. ಅವಳು ಸರವನ್ನು ಮುಟ್ಟಲೇ ಇಲ್ಲ, ಸುಮ್ಮನೆ ನೋಡಿ ನಲವತ್ತೈದು ಎಂದಳು. ರಾಜೀನಾಮೆ ಬ್ಯಾಗಿನಲ್ಲೇ ಉಳಿಯಿತು.

ಮುಂದಿನ ಶನಿವಾರ ಅದೇ ಕಾಗದವನ್ನು ಕತ್ತರಿಸಿ, ಬರೆದ ಭಾಗ ಕೆಳಗೆ ಮಾಡಿ ರಟ್ಟಿಗೆ ಅಂಟಿಸಿ, ಮೇಲೆ ಅಂಕಿ ಬರೆದು ಕಾರ್ಡು ಮಾಡಿದೆ. ಮೇಷ್ಟ್ರ ಒಲೆ, ಮೇಷ್ಟ್ರ ಅಂಟು. ಟ್ರಂಕಿಗೆ ನಾನು ಸೇರಿಸಿದ "ಒಂದು ಜಾಸ್ತಿ" ಅದು. "ಒಳ್ಳೆ ಗಟ್ಟಿ ಕಾಗದ ಕಣಮ್ಮ," ಎಂದು ಅವರು ಸಣ್ಣಗೆ ನಕ್ಕರು. ಸರ ನಿಮ್ಮ ಮಕ್ಕಳ ಹತ್ತಿರ ಇನ್ನೊಂದಷ್ಟು ದಿನ ಇರಲಿ ಎಂದರು.

ಎಪ್ಪತ್ತರ ದಶಕದಲ್ಲಿ ಅವರಿಗೆ ತ್ಯಾಮಗೊಂಡ್ಲು ಕಡೆಗೆ ವರ್ಗವಾಯಿತು. ಟ್ರಂಕನ್ನು ಸೈಕಲ್ಲಿಗೆ ಕಟ್ಟಿಕೊಂಡೇ ಹೋದರಂತೆ. ಸರ ವಾಪಸ್ ಕೊಡಲು ಹೋಗ್ತೀನಿ, ಹೋಗ್ತೀನಿ ಅಂದುಕೊಂಡೇ ವರ್ಷಗಳು ಕಳೆದವು. ಕೊನೆಗೊಂದು ದಿನ ವಿಳಾಸ ಹುಡುಕಿಕೊಂಡು ಹೋದಾಗ ಅವರು ತೀರಿಕೊಂಡು ಆರು ತಿಂಗಳಾಗಿತ್ತು. ಬಾಗಿಲಲ್ಲಿ ನಿಂತು ಸರ ಕೈಯಲ್ಲಿ ಹಿಡಿದುಕೊಂಡೇ ಆ ಸುದ್ದಿ ಕೇಳಿದೆ. ಹಾಗೇ ತಂದುಬಿಟ್ಟೆ. ನಾನು ರಿಟೈರ್ ಆಗುವವರೆಗೂ ಅದು ಮಕ್ಕಳ ಕೈಯಲ್ಲೇ ಇತ್ತು, ಆಮೇಲೆ ಅಟ್ಟ ಸೇರಿತು.

ಮೊನ್ನೆ ಇಷ್ಟನ್ನೂ ಹೇಳಿ, ಅಟ್ಟದಿಂದ ಸರ ಇಳಿಸಿ ಅಣ್ಣನ ಮಗಳ ಕೈಗೆ ಕೊಟ್ಟೆ. ಬಣ್ಣ ಹೋಗಿ ನೂರೂ ಕಪ್ಪಗಾಗಿವೆ; ಬೆಳಕಿಗೆ ಹಿಡಿದರೆ ಎಲ್ಲೋ ಒಂದಿಷ್ಟು ಕೆಂಪು. ಮೀಟಿಂಗಿಗೆ ಒಯ್ಯಿ, ಯಾರು ಕೇಳಿದರೂ ಕೊಡು, ಅವರು ಒಂದು ಜಾಸ್ತಿ ತರಲಿ ಎಂದೆ. ಅವಳು ಕಣ್ಣು ಒದ್ದೆ ಮಾಡಿಕೊಂಡಳು. ನನಗೂ ತಡೆಯಲಾಗಲಿಲ್ಲ. ಒಂದು ಜಾಸ್ತಿ ಸೇರಿಸಿ ಅವರ ಕೈಗೇ ಕೊಡಬೇಕಿತ್ತು, ಅದು ಇನ್ನು ಆಗದ ಮಾತು.

ಸ್ವಲ್ಪ ಹೊತ್ತಿಗೆ ಹಿತ್ತಿಲಿನಿಂದ ನಲ್ಲಿಯ ಸದ್ದು ಬಂತು. ಹೋಗಿ ನೋಡಿದರೆ ಮಹರಾಯ್ತಿ ಬಕೆಟ್ಟಿಗೆ ಸೋಪಿನ ಪುಡಿ ಹಾಕಿ, ಸರ ಹಿಡಿದುಕೊಂಡು ನಿಂತಿದ್ದಾಳೆ.

"ಲೇ, ಅದ್ದಬೇಡ ಕಣೇ!" ಎಂದು ಕಿರುಚಿದೆ. "ಅದು ಕೊಳೆಯಲ್ಲ. ಅಷ್ಟೂ ಮಕ್ಕಳು!"