ಬರುವವರು ಬಲಗೈ

ಬೈಲಹೊಂಗಲದಲ್ಲಿ ಬಿ.ಎಡ್. ಮಾಡುತ್ತಿದ್ದಾಗ ನಮ್ಮ ಗುರುತನ್ನು ಯಾರೂ ಕೇಳುತ್ತಿರಲಿಲ್ಲ. ಕಂಕುಳಲ್ಲಿ ಸುರುಳಿ ಸುತ್ತಿದ ಕರಿಬೋರ್ಡು ಕಂಡರೆ ಸಾಕು, ಬಸ್ಸಿನ ಕಂಡಕ್ಟರ್ "ಅಕ್ಕೋರು ಆಗಾವ್ರು ಬಂದ್ರು, ಹಾದಿ ಬಿಡ್ರಿ" ಎಂದು ಕೂಗುತ್ತಿದ್ದ. ಶಿಕ್ಷಕಿಯಾಗುವ ಮೊದಲೇ ಈ ಅಣಕವೇ ಎಂದು ಆಗ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಈಗ ಯಾರಾದರೂ ಹಾಗೆ ಕೂಗಿದರೆ ಕರೆದು ಚಹಾ ಕುಡಿಸುತ್ತೇನೆ.

ಮನೋಳಿಯಿಂದ ಬಂದ ನಾನು, ಕಿತ್ತೂರಿನಿಂದ ಬಂದ ಒಬ್ಬ ಗೆಳತಿ ಒಂದೇ ಖೋಲಿಯಲ್ಲಿದ್ದೆವು. ಸಂಜೆಯೆಲ್ಲ ಪಾಠಯೋಜನೆ ಬರೆಯುವುದೇ ಕೆಲಸ. ಪುಟದ ಒಂದು ಬದಿಗೆ ನಾವು ಕೇಳುವ ಪ್ರಶ್ನೆ, ಇನ್ನೊಂದು ಬದಿಗೆ ಮಕ್ಕಳು ಕೊಡುವ ಉತ್ತರ. ನಾಳೆ ಮಕ್ಕಳ ಬಾಯಲ್ಲಿ ಏನು ಬರುತ್ತದೆಂದು ಇವತ್ತೇ ಬರೆದು ಸಹಿ ಹಾಕಿಸಿಕೊಳ್ಳಬೇಕು! ಇಷ್ಟು ಧೈರ್ಯ ಜ್ಯೋತಿಷಿಗಳಿಗೂ ಇರಲಾರದು. ಬರೆದ ಪಾಠವನ್ನು ಖೋಲಿಯಲ್ಲಿ ಆಡಿ ನೋಡುತ್ತಿದ್ದೆವು. ಗೆಳತಿ ಐದನೆಯ ತರಗತಿಯ ಹುಡುಗಿಯಾಗಿ ಹಾಸಿಗೆ ಮೇಲೆ ಕುಳಿತು, "ಅಕ್ಕೋರ, ಇಕಿ ನನ್ನ ಪೆನ್ಸಿಲ್ ಕಸಗೊಂಡ್ಳರಿ" ಎಂದು ಅಳುತ್ತಿದ್ದಳು. ನಾನು ನಕ್ಕು ನಕ್ಕು ಪಾಠವನ್ನೇ ಮರೆಯುತ್ತಿದ್ದೆ.

ಅಭ್ಯಾಸ ಪಾಠಕ್ಕೆ ನನಗೆ ಸಿಕ್ಕದ್ದು ಸಂಪಗಾಂವದ ಕಡೆಯ ಒಂದು ಶಾಲೆ. ನಾನು ಪ್ರಶ್ನೆ ಕೇಳಿದರೆ ಮಕ್ಕಳು ನೆಲ ನೋಡುತ್ತಿದ್ದವು. ಪಾಠ ನೋಡಲು ಬಂದ ಅಧ್ಯಾಪಕರು "ಮಕ್ಕಳ ಭಾಗವಹಿಸುವಿಕೆ ಇಲ್ಲ" ಎಂದು ಎರಡು ಸಲ ಕೆಂಪು ಶಾಯಿಯಲ್ಲಿ ಬರೆದಿದ್ದರು. ಇನ್ನು ಉಳಿದದ್ದು ಪರೀಕ್ಷೆಯ ಪಾಠ. ಹೊರಗಿನ ಪರೀಕ್ಷಕರು ಬರುವವರಿದ್ದರು. ಅದರಲ್ಲೂ ಹೀಗೇ ಆದರೆ ನಾನು ಫೇಲು, ವರ್ಷ ಹಾಳು.

"ಏ ಹುಚ್ಚಿ, ಎಲ್ಲಾರೂ ಕೈ ಎತ್ರಿ ಅನ್ನು. ಬರಾವ್ರು ಬಲಗೈ, ಬರಲಾರದಾವ್ರು ಎಡಗೈ. ಹಿಂದ ಕುಂತಾವ್ರಿಗೆ ಕೈ ಕಾಣತಾವ, ಗುಟ್ಟು ತಿಳಿಯಾಂಗಿಲ್ಲ" ಎಂದಳು ಗೆಳತಿ.

ಪರೀಕ್ಷೆಯ ಹಿಂದಿನ ದಿನ ಮಕ್ಕಳಿಗೆ ಇದನ್ನು ಕಲಿಸಿದೆ. ವರ್ಷವಿಡೀ ನಾನು ಕಲಿಸಿದ್ದರಲ್ಲಿ ಅವು ಇಷ್ಟು ಬೇಗ ಕಲಿತದ್ದು ಇದೊಂದನ್ನೇ! ಮೂರನೆಯ ಸಾಲಿನ ಒಂದು ಹುಡುಗಿ ಪ್ರತಿ ಪ್ರಶ್ನೆಗೂ ಎಡಗೈಯನ್ನು ಎಲ್ಲರಿಗಿಂತ ಎತ್ತರಕ್ಕೆ ಎತ್ತಿ ನಗುತ್ತಿದ್ದಳು. ಬರುವುದಿಲ್ಲ ಎನ್ನುವುದನ್ನು ಇಷ್ಟು ಸಂಭ್ರಮದಿಂದ ಹೇಳಿದವರನ್ನು ನಾನು ಮತ್ತೆ ಕಂಡಿಲ್ಲ.

ಪರೀಕ್ಷೆಯ ದಿನ ನದಿಗಳ ಪಾಠ. ಪ್ರಶ್ನೆ ಕೇಳಿದ ಕೂಡಲೇ ತರಗತಿ ತುಂಬ ಕೈಗಳು. ಹಿಂದೆ ಕುಳಿತ ಪರೀಕ್ಷಕರು ತಲೆದೂಗುತ್ತಿದ್ದರು. ನಾನು ಬಲಗೈಗಳನ್ನೇ ಆರಿಸಿ ಕೇಳುತ್ತಾ ಹೋದೆ. ಕೊನೆಯ ಪ್ರಶ್ನೆ ಬಂತು. "ಮಲಪ್ರಭಾ ನದಿ ಎಲ್ಲಿ ಹುಟ್ಟುತ್ತದೆ?"

ಆ ಹುಡುಗಿ ಬಲಗೈ ಎತ್ತಿದ್ದಳು.

ಎದುರು ನಿಂತ ನನಗೆ ಎಡಬಲದ ಗೊಂದಲವೇನೋ ಎಂದು ಇನ್ನೊಮ್ಮೆ ನೋಡಿದೆ. ಬಲಗೈಯೇ. ಮರೆತು ಎತ್ತಿರಬೇಕು, ಕೇಳಿದರೆ ತಡವರಿಸುತ್ತಾಳೆ, ನನ್ನ ಕತೆ ಮುಗಿಯಿತು ಎಂದುಕೊಂಡೆ. ಅವಳು ಬೆಂಚಿನಿಂದ ಅರ್ಧ ಎದ್ದೇ ಬಿಟ್ಟಿದ್ದಳು. ಅವಳ ಪಕ್ಕದವನನ್ನು ಕೇಳಿದೆ. "ಕಣಕುಂಬಿ" ಎಂದ. ಪಾಠ ಮುಗಿಯಿತು. ಪರೀಕ್ಷಕರು "ಉತ್ತಮ" ಎಂದು ಬರೆದುಕೊಟ್ಟು ಹೋದರು.

ಬೋರ್ಡು ಸುತ್ತುತ್ತಿದ್ದಾಗ ಅವಳು ಬಂದು ನಿಂತಳು.

"ಅಕ್ಕೋರ, ನಂಗ ಖರೇನ ಬರತಿತ್ತರಿ. ನಮ್ಮ ಅತ್ತಿ ಊರು ಅದ ಕಡೀಗೆ ಐತ್ರಿ. ನನ್ನ ಕೈ ನೋಡಲಿಲ್ಲೇನ್ರಿ?"

"ನೋಡ್ಲಿಲ್ಲ ಬಿಡವ್ವಾ" ಎಂದೆ. ಎಂಥ ಸುಳ್ಳು! ನನಗೇ ನಾಚಿಕೆಯಾಗಿ, "ಈಗ ಹೇಳು, ಕೇಳತೇನಿ" ಎಂದೆ.

ಅವಳು ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ. ಈಗ ಹೇಳಿದ್ರ ಅವನ ಮಾತು ಕೇಳಿ ಹೇಳಿದ್ಳು ಅಂತಾರ. ನಾಳಿ ಬ್ಯಾರೇದು ಕೇಳ್ರಿ. ಇವತ್ತ ರಾತ್ರಿ ಎಲ್ಲಾ ಓದಿಕೊಂಡು ಬರತೇನಿ."

ನಮ್ಮ ತರಬೇತಿ ಅಂದಿಗೆ ಮುಗಿದಿತ್ತು. ನಾಳೆ ಆ ತರಗತಿಯಲ್ಲಿ ನಾನು ಇರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಆತವಾ, ಓದಿಕೊಂಡು ಬಾ" ಎಂದೆ.