ಹೊಲಿಗೆ ಇಲ್ಲದ ಆಪರೇಷನ್ನು

ಹೋದ ವಾರ ಕಿಡ್ನಿಯ ಕಲ್ಲು ಒಡೆಸಿಕೊಂಡು ಬಂದೆ. ಬೆಳಿಗ್ಗೆ ಹೋದೆ, ಸಂಜೆ ಮನೆಗೆ ಬಂದು ಟೀ ಕುಡಿದೆ. ಮರುದಿನವೇ ಆಫೀಸಿನಿಂದ ಫೋನು. ಹೇಗೂ ಕೊಯ್ದಿಲ್ಲವಲ್ಲ, ನಾಳೆ ಡ್ಯೂಟಿಗೆ ಬರುತ್ತೀರಾ ಎಂದು.

ಸಿಟ್ಟು ಬರಬೇಕಿತ್ತು. ಬಂದದ್ದು ಅವ್ವನ ನೆನಪು.

ಎಪ್ಪತ್ತರ ದಶಕದಲ್ಲಿ ಕಲ್ಲು ತೆಗೆಯುವುದೆಂದರೆ ಕೊಯ್ಯುವುದೇ. ಸವಣೂರಿನ ದೊಡ್ಡವ್ವನಿಗೆ (ಅವ್ವನ ಅಕ್ಕ) ಹಾಗೇ ಆಗಿತ್ತು. ಪಕ್ಕೆಯಿಂದ ಬೆನ್ನಿನವರೆಗೆ ಹೊಲಿಗೆ. ತೆಗೆದ ಕಲ್ಲನ್ನು ಡಾಕ್ಟರು ಸಣ್ಣ ಬಾಟಲಿಗೆ ಹಾಕಿ ಕೊಟ್ಟಿದ್ದರು. ಹಾನಗಲ್ಲು, ಶಿಗ್ಗಾವಿಯಿಂದ ಬೀಗರು ಬ್ರೆಡ್ಡು, ಮೋಸಂಬಿ ಹಿಡಿದು ಮಾತನಾಡಿಸಲು ಬರುತ್ತಿದ್ದರು. ದೊಡ್ಡವ್ವ ಮೊದಲು ಬಾಟಲಿ ತೋರಿಸುವಳು. ಆಮೇಲೆ ಹೆಂಗಸರಿಗೆ ಮಾತ್ರ ಹೊಲಿಗೆ. (ನಾವು ಹುಡುಗರು ಬಾಗಿಲ ಸಂದಿಯಿಂದ ನೋಡಿದ್ದು ಬೇರೆ ಮಾತು.) ತಿಂಗಳುಗಟ್ಟಲೆ ಆಕೆ ಇಲ್ಲಿನ ಕಡ್ಡಿ ಎತ್ತಿ ಅಲ್ಲಿಡಲಿಲ್ಲ.

ಅವ್ವ ಅದನ್ನೆಲ್ಲ ಕಣ್ತುಂಬ ನೋಡಿ ಬಂದಿದ್ದಳು.

ಹಿರೇಕೆರೂರಿನ ನಮ್ಮ ಕೂಡು ಮನೆಗೆ ಅವ್ವ ಹಿರಿಸೊಸೆ. ಒಲೆ ಮುಂದೆ ಕೂತರೆ ರೊಟ್ಟಿ ಬುಟ್ಟಿ ತುಂಬುವವರೆಗೆ ಏಳುವಂತಿರಲಿಲ್ಲ. ಎಂಬತ್ತರ ದಶಕದ ಕೊನೆಗೆ ಆಕೆಗೂ ಕಲ್ಲಾಯಿತು. ಹುರುಳಿ ಕಟ್ಟು, ಬಾಳೆದಿಂಡಿನ ರಸ, ಎಲ್ಲ ಮುಗಿಯಿತು. ನೋವು ಬಂದಾಗ ಅವುಡುಗಚ್ಚಿ ರೊಟ್ಟಿ ಬಡಿಯುತ್ತಿದ್ದಳು. ಕೊನೆಗೆ ಕೊಯ್ಯಲೇಬೇಕು ಎಂದರು ಡಾಕ್ಟರು. ಅವತ್ತು ಅವ್ವ ನನ್ನೊಬ್ಬನ ಮುಂದೆ ಹೇಳಿದಳು:

"ಹೋಗ್ಲಿ ಬಿಡೋ. ನಾನೂ ಅಕ್ಕನಂಗ ನಾಕ ದಿನ ಮಲಕೋತೇನಿ."

ಅಷ್ಟೇ ಆಕೆಯ ಆಸೆ. ಅದಕ್ಕೂ ಕಲ್ಲು ಬಿತ್ತು. ಮುಂಬೈಯಲ್ಲಿದ್ದ ಸೋದರಮಾವ, ಇಲ್ಲಿ ಹೊಸ ಮಷಿನ್ ಬಂದಿದೆ, ಕೊಯ್ಯುವುದೇ ಬೇಡ ಎಂದು ಕರೆಸಿಕೊಂಡ. ದೊಡ್ಡ ತೊಟ್ಟಿಯ ನೀರಿನಲ್ಲಿ ಕೂರಿಸಿ, ಹೊರಗಿನಿಂದಲೇ ಏಟು ಕೊಟ್ಟು ಒಳಗಿನ ಕಲ್ಲನ್ನು ಪುಡಿ ಮಾಡಿದರು. ಪುಡಿ ಮೂತ್ರದಲ್ಲಿ ಹೋಯಿತು.

ಊರಿಗೆ ಬಂದಳು. ಬ್ರೆಡ್ಡು ಹಿಡಿದು ಜನವೂ ಬಂದರು. ಹೊಲಿಗೆ ತೋರಿಸು ಅಂದರು. ಎಲ್ಲಿದೆ? ಕಲ್ಲಾದರೂ ತೋರಿಸು ಅಂದರು. ಅದೂ ಇಲ್ಲ. ತೊಟ್ಟಿಯ ಕಥೆ ಕೇಳಿದ ಚಿಗವ್ವ, ಮುಂಬೈಗೆ ಹೋಗಿ ಜಳಕ ಮಾಡಿ ಬಂದಾಳ ಎಂದು ನಕ್ಕಳು. ಮರುದಿನ ಬೆಳಿಗ್ಗೆ ರೊಟ್ಟಿ ಹಿಟ್ಟು ಅವ್ವನ ಮುಂದೆ ಬಂತು. ಗಾಯವೇ ಇಲ್ಲದವಳಿಗೆ ಎಂಥ ರೆಸ್ಟು? ಅವ್ವ ಸೊಂಟ ಹಿಡಿದುಕೊಂಡೇ ಒಲೆ ಮುಂದೆ ಕೂತಳು.

ಆಗ ಎದ್ದು ಬಂದವಳು ಆಯಿ, ಅಪ್ಪನ ಅವ್ವ. (ಬಾಯಿ ಜೋರು. ಸೊಸೆಯನ್ನು ಒಂದು ದಿನವೂ ಹೊಗಳಿದ್ದು ನಾನು ಕೇಳಿರಲಿಲ್ಲ.) ಹಳೆಯ ಧೋತರ ಹರಿದಳು. ಅರಿಸಿನ ಸವರಿದಳು. ಅವ್ವನ ಸೊಂಟಕ್ಕೆ ಸುತ್ತಿ ಕಟ್ಟಿದಳು. ಮನೆಮಂದಿಗೆಲ್ಲ ಕೇಳುವಂತೆ ಹೇಳಿದಳು:

"ಗಾಯ ಒಳಗ ಐತಿ. ಇನ್ನೂ ಹಸಿ ಐತಿ. ಈಕಿನ್ನ ಯಾರೂ ಎಬ್ಬಿಸಬ್ಯಾಡ್ರಿ."

ಆಮೇಲೆ ತಾನೇ ಒಲೆ ಮುಂದೆ ಕೂತು ರೊಟ್ಟಿ ಬಡಿದಳು.

ಅಂದಿನಿಂದ ಬಂದವರಿಗೆಲ್ಲ ಆ ಪಟ್ಟಿಯ ದರ್ಶನ. ಎಲ್ಲರೂ ಲೊಚಗುಟ್ಟಿ, ಮೋಸಂಬಿ ಇಟ್ಟು ಹೋದರು. ಚಿಗವ್ವನ ನಗು ನಿಂತಿತು. ಆ ದಿನಗಳನ್ನು ನೆನೆದರೆ ಈಗಲೂ ಖುಷಿ. ಕಾಲೇಜಿನಿಂದ ಬಂದರೆ ಅವ್ವ ಸಿಗುತ್ತಿದ್ದಳು. ಮಲಗಿದಲ್ಲೇ ತನ್ನ ತವರಿನ ಕಥೆ ಹೇಳುತ್ತಿದ್ದಳು. ಅಷ್ಟು ಮಾತು ಆಕೆಯಲ್ಲಿ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಕೊನೆಗೆ ಅವ್ವನಿಗೇ ಸಂಕೋಚವಾಯಿತು. ಒಂದು ಮಧ್ಯಾಹ್ನ, ನೋವು ಪೂರ್ತಿ ಹೋಗಿದೆ, ಪಟ್ಟಿ ಬಿಚ್ಚಲೇ ಎಂದು ಆಯಿಯನ್ನು ಮೆಲ್ಲಗೆ ಕೇಳಿದಳು.

"ನನ್ನ ರಟ್ಟಿ ಸೋತ ದಿನ ನಾನ ಬಿಚ್ಚತೇನಿ," ಎಂದಳು ಆಯಿ. "ಅಲ್ಲೀತನಕ ಸುಮ್ನ ಮಲಕೋ."

ಅವ್ವ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟಳು.

ಈಗ ನೀವೇ ಹೇಳಿ, ಅವ್ವನಿಗೆ ಆರಾಮಾದದ್ದು ಮುಂಬೈಯಲ್ಲೋ, ಹಿರೇಕೆರೂರಿನಲ್ಲೋ?