ಅಂಗಡಿಯ ವಜಾ, ಆಫೀಸಿನ ವಜಾ

ಟೈ ಕಟ್ಟಿಕೊಂಡು ನಗುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಎಲ್ಲರೂ ಕೆಟ್ಟವರಲ್ಲ ಎಂದು ಗೊತ್ತು. ಆದರೂ ಉರಿಯುತ್ತದೆ, ಏನು ಮಾಡಲಿ.

ನಾನು ಹೆಂಗಸರಿಗೆ ಕಾರು ಕಲಿಸುವವಳು. ಹಿನಕಲ್‌ನಲ್ಲಿ ಬಾಡಿಗೆ ಮನೆ, ಬಾಗಿಲಲ್ಲಿ ನನ್ನ ಬಿಳಿ ಕಾರು. ಕಲಿಯಲು ಬರುವವರು ನನ್ನ ಬಾಯಿಗೆ ಹೆದರುತ್ತಾರೆ, ಹೆದರಿಕೊಂಡೇ ಬರುತ್ತಾರೆ. ಕ್ಲಚ್ಚಿನ ಮೇಲಿಂದ ಕಾಲು ತೆಗೆಯದೆ ಗಾಡಿ ಓಡಿಸುವವರನ್ನು ನಾನು ಮುದ್ದು ಮಾಡುವುದಿಲ್ಲ. ಆ ಕಾರು ತೆಗೆದುಕೊಂಡದ್ದು ಸಾಲದಲ್ಲಿ. ಕಲಿಸುವ ಗಾಡಿಗೆ ಇನ್ಶೂರೆನ್ಸು ದುಬಾರಿ. ಅಷ್ಟು ದುಡ್ಡು ಒಟ್ಟಿಗೆ ಕೈಯಲ್ಲಿರಲಿಲ್ಲ. ಹಾಗಾಗಿ ಫೈನಾನ್ಸಿನವರೇ ಇನ್ಶೂರೆನ್ಸ್ ಕಂಪನಿಗೆ ಪೂರ್ತಿ ಕಟ್ಟುವುದು, ಆಮೇಲೆ ನನ್ನಿಂದ ತಿಂಗಳು ತಿಂಗಳು ವಸೂಲು ಮಾಡುವುದು ಎಂದಾಯಿತು. ಕಾರಿನ ಕಂತು ಬೇರೆ, ಇನ್ಶೂರೆನ್ಸಿನ ಕಂತು ಬೇರೆ.

ಇದಕ್ಕೆಲ್ಲ ಜಾಮೀನು ಬೇಕು ಎಂದರು. ಸ್ನೇಹಿತರು ಎಂದುಕೊಂಡವರೆಲ್ಲ ಆ ವಾರ ಫೋನು ಎತ್ತಲಿಲ್ಲ. ಕೊನೆಗೆ ರುಜು ಹಾಕಿದವರು ನನ್ನ ಭಾವ, ಅಕ್ಕನ ಗಂಡ. ಒಂಟಿಕೊಪ್ಪಲ್‌ನಲ್ಲಿ ಮನೆ, ಸರ್ಕಾರಿ ನೌಕರಿಯಿಂದ ನಿವೃತ್ತರು. ಹಾಲಿನವನಿಗೂ ಒಂದು ದಿನ ಬಾಕಿ ಉಳಿಸದ ಮನುಷ್ಯ. ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಅಂತ ಇದ್ದದ್ದು ಆ ಮನೆಯೊಂದೇ. ಹಬ್ಬಕ್ಕೆ ಅಲ್ಲಿಗೇ ಹೋಗುತ್ತಿದ್ದೆ, ಗಂಡನ ಜೊತೆ ಜಗಳವಾದರೂ ಅಲ್ಲಿಗೇ.

ಅರ್ಧ ವರ್ಷವೂ ಆಗಿರಲಿಲ್ಲ. ಕಲಿಯುತ್ತಿದ್ದ ಒಬ್ಬಾಕೆ ಕಾರನ್ನು ಯಾರದೋ ಗೇಟಿನ ಕಂಬಕ್ಕೆ ಗುದ್ದಿದಳು. ಇನ್ಶೂರೆನ್ಸಿನವರು ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಎಂದು ಸತಾಯಿಸಿ, ಕೊನೆಗೆ ಕೊಟ್ಟದ್ದು ಬಣ್ಣದ ಖರ್ಚಿಗೂ ಸಾಲಲಿಲ್ಲ. ನನಗೆ ರೇಗಿಹೋಯಿತು. ಬೇರೆ ಕಂಪನಿಯಲ್ಲಿ ಕಡಿಮೆಗೆ ಇನ್ನೊಂದು ಪಾಲಿಸಿ ಮಾಡಿಸಿ, ಅದರ ಪ್ರತಿ ಹಿಡಿದುಕೊಂಡು ಹಳೆಯದನ್ನು ರದ್ದು ಮಾಡಿಸಲು ನೇರವಾಗಿ ಫೈನಾನ್ಸ್ ಆಫೀಸಿಗೆ ಹೋದೆ.

ಮೊಬೈಲ್ ಅಂಗಡಿಯ ಮಾಳಿಗೆಯ ಮೇಲೆ ಆ ಆಫೀಸು. ಕೌಂಟರಿನಲ್ಲಿ ಟೈ ಕಟ್ಟಿಕೊಂಡವನೊಬ್ಬ ನನ್ನ ಅರ್ಜಿ ತೆಗೆದುಕೊಂಡ. ನಾನು ಕೇಳಬೇಕಾದದ್ದನ್ನು ಬಾಯಿಬಿಟ್ಟು ಕೇಳಿದೆ.

"ಉಳಿದಿರೋ ಇನ್ಶೂರೆನ್ಸ್ ಕಂತು ಏನಾಗುತ್ತೆ?"

"ಎಲ್ಲಾ ವಜಾ ಆಗುತ್ತೆ ಮೇಡಂ. ನೀವು ಹೊರಡಿ," ಎಂದ, ನಗುತ್ತಾ.

ನಮ್ಮಪ್ಪ ಅಗ್ರಹಾರದಲ್ಲಿ ದಿನಸಿ ಅಂಗಡಿ ಇಟ್ಟಿದ್ದವರು. ಹಬ್ಬಕ್ಕೆ ಸಾಲ ಒಯ್ದ ಬೆಲ್ಲ ಮಿಕ್ಕಿ ಯಾರಾದರೂ ವಾಪಸು ತಂದರೆ ತೂಗಿ ಒಳಗಿಟ್ಟು, "ನಿಮ್ ಲೆಕ್ಕದಲ್ಲಿ ವಜಾ ಮಾಡ್ಬುಟ್ಟಿದೀನಿ ಕಣಮ್ಮ" ಎನ್ನುತ್ತಿದ್ದರು. ಮಾಲು ವಾಪಸು ಬಂತು, ಅಷ್ಟು ಸಾಲ ಕಳೆಯಿತು. ವಜಾ ಎಂದರೆ ನನಗೆ ಗೊತ್ತಿದ್ದದ್ದು ಅದು. ಪಾಲಿಸಿ ವಾಪಸು ಕೊಟ್ಟಿದ್ದೇನೆ, ಕಂತು ವಜಾ ಆಯಿತು ಎಂದುಕೊಂಡು ಬ್ಯಾಂಕಿಗೆ ಹೋಗಿ ಇನ್ಶೂರೆನ್ಸಿನ ಕಂತು ನಿಲ್ಲಿಸಿಬಿಟ್ಟೆ. ಕಾರಿನ ಕಂತನ್ನು ಮಾತ್ರ ಒಂದು ತಿಂಗಳೂ ತಪ್ಪಿಸಲಿಲ್ಲ.

ಅಷ್ಟರಲ್ಲಿ ಮನೆ ಬದಲಾಯಿಸಿದ್ದೆ. ನೋಟೀಸುಗಳು ಹಳೆಯ ಮನೆಗೆ ಹೋದವಂತೆ. ಗೊತ್ತಿಲ್ಲದ ನಂಬರಿನಿಂದ ಬರುವ ಕರೆಗಳನ್ನು ಪಾಠದ ಹೊತ್ತಿನಲ್ಲಿ ನಾನು ಎತ್ತುವುದಿಲ್ಲ; ರಿಂಗ್ ರೋಡಿನಲ್ಲಿ ಹೊಸಬರ ಪಕ್ಕ ಕೂತು ಯಾರು ತಾನೇ ಎತ್ತುತ್ತಾರೆ. ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು.

"ಇಬ್ರು ಬಂದ್ಬುಟ್ಟಿದ್ರು ಕಣೇ. ಗೇಟ್ ಹತ್ರನೇ ನಿಂತ್ಕೊಂಡು, ಜಾಮೀನು ಹಾಕಿರೋರು ನೀವೇ ತಾನೆ, ದುಡ್ಡು ಕಟ್ತೀರೋ ಇಲ್ವೋ ಅಂತ ಬೀದಿಗೆಲ್ಲ ಕೇಳೋ ಹಂಗೆ ಕೂಗಾಡಿದ್ರು. ಎದುರು ಮನೆಯೋರೆಲ್ಲ ಆಚೆ ಬಂದು ನೋಡ್ತಿದ್ರು. ನಿಮ್ ಭಾವ ತಿಂಡೀನೂ ತಿಂದಿಲ್ಲ."

"ಫೋನು ಭಾವನಿಗೆ ಕೊಡು."

"ಬೇಡ್ವಂತೆ," ಎಂದಳು ಅಕ್ಕ.

ಆ ಹೊತ್ತಿಗೆ ನನಗೆ ದುಡ್ಡಿನ ಯೋಚನೆ ಬರಲಿಲ್ಲ. ಕಾರು ಹೊತ್ತುಕೊಂಡು ಹೋದರೂ ಹೋಗಲಿ ಎನ್ನಿಸಿತು. ಆ ಮನೆಯ ಬಾಗಿಲು ನನಗೆ ಇನ್ನು ಮೊದಲಿನ ಹಾಗೆ ತೆರೆಯುತ್ತದೋ ಇಲ್ಲವೋ ಎಂಬ ಭಯವೊಂದೇ ಇದ್ದದ್ದು. ಭಯವಾದಾಗ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಅವತ್ತಿನ ಪಾಠಗಳನ್ನೆಲ್ಲ ಬಿಟ್ಟು ಆಫೀಸಿನ ಮೆಟ್ಟಿಲು ಹತ್ತಿದೆ.

ಅದೇ ಕೌಂಟರು, ಅದೇ ನಗು. ಕಂಪ್ಯೂಟರು ನೋಡಿ ಬಾಕಿ ಹೇಳಿದ. ಉಳಿದ ಕಂತಿನ ಮೇಲೆ ಬಡ್ಡಿ, ಬಡ್ಡಿಯ ಮೇಲೆ ದಂಡ, ಮನೆಗೆ ಬಂದು ಕೂಗಾಡಿದವರ ಓಡಾಟದ ಖರ್ಚು ಕೂಡ ನನ್ನ ತಲೆಗೇ.

"ಎಲ್ಲಾ ವಜಾ ಅಂದಿದ್ರಲ್ಲ."

"ಪಾಲಿಸಿ ವಜಾ ಆಯ್ತು ಅಂದಿದ್ದು ಮೇಡಂ. ಸಾಲ ಅಲ್ಲ. ನಾವು ವರ್ಷದ ದುಡ್ಡು ಮೊದ್ಲೇ ಕಟ್ಬುಟ್ಟಿದ್ವಲ್ಲ. ಮಧ್ಯದಲ್ಲಿ ಬಿಟ್ರೆ ಕಂಪನಿಯೋರು ಜಾಸ್ತಿ ಹಿಡ್ಕೊಂಡು ಚೂರುಪಾರು ವಾಪಸ್ ಕೊಡ್ತಾರೆ. ಅದನ್ನ ನಿಮ್ ಸಾಲಕ್ಕೆ ಮುರ್ಕೊಂಡಿದೀವಿ. ಉಳಿದಿದ್ದು ನೀವೇ ಕಟ್ಬೇಕು."

ಕೆಲಸದಿಂದ ವಜಾ ಮಾಡುತ್ತಾರಲ್ಲ, ಅರ್ಜಿ ವಜಾ ಎಂದು ಪೇಪರಿನಲ್ಲಿ ಬರುತ್ತದಲ್ಲ, ಇವನದು ಆ ವಜಾ. ನಾನು ಕೇಳಿಸಿಕೊಂಡದ್ದು ಅಂಗಡಿಯ ವಜಾ. ನಾನು ಕೇಳಿದ್ದು ಕಂತಿನ ಮಾತು, ಇವನು ಉತ್ತರ ಕೊಟ್ಟದ್ದು ಪಾಲಿಸಿಯ ಮಾತು. ನನಗೆ ಅರ್ಥವಾಗಿಲ್ಲ ಎಂದು ಅವನಿಗೆ ಅವತ್ತೇ ತಿಳಿದಿತ್ತು ಎಂದು ನಾನು ಇಂದಿಗೂ ನಂಬಿದ್ದೇನೆ. ಯಾರು ಏನೇ ಸಮಾಧಾನ ಹೇಳಲಿ, ನಂಬಿದ್ದೇನೆ.

"ಆ ಮನೆಗ್ಯಾಕ್ರೀ ಹೋದ್ರಿ? ನನ್ ಹತ್ರ ಬರ್ಬೇಕಿತ್ತು," ಎಂದೆ.

"ನೀವು ಸಿಕ್ಲಿಲ್ಲ. ಜಾಮೀನುದಾರರನ್ನ ಕೇಳೋದು ನಮ್ ಹಕ್ಕು ಮೇಡಂ."

"ಕೇಳೋದು ಹಕ್ಕು. ಕೂಗೋದೂ ಹಕ್ಕೇನ್ರೀ?"

ಅವನು ಕಂಪ್ಯೂಟರಿನ ಕಡೆ ತಿರುಗಿಕೊಂಡ. ಮ್ಯಾನೇಜರು ಎಂಬ ಇನ್ನೊಂದು ಟೈ ಒಳಗಿಂದ ಬಂದು, ಮೇಡಂಗೆ ನೀರು ಕೊಡಿ ಎಂದಿತು. ನಿಮ್ಮ ನೀರು ನೀವೇ ಕುಡಿಯಿರಿ ಎಂದು ಹೇಳಿ ಇಳಿದು ಬಂದೆ.

ಹೊಸ ಬ್ಯಾಚಿನವರು ಕೊಟ್ಟ ಮುಂಗಡವನ್ನೆಲ್ಲ ಒಟ್ಟುಮಾಡಿ ಮಾರನೆಯ ದಿನವೇ ಕಟ್ಟಿದೆ. ಹೋರಾಡಿದ್ದರೆ ದಂಡವಾದರೂ ಬಿಡುತ್ತಿದ್ದರೇನೋ. ಹೋರಾಡುವಷ್ಟು ದಿನ ಭಾವನ ಹೆಸರು ಅವರ ಬಾಯಲ್ಲಿ ಇರಬಾರದಿತ್ತು. ಇನ್ಶೂರೆನ್ಸ್ ಸಾಲ ತೀರಿದೆ, ಜಾಮೀನುದಾರರ ಮೇಲೆ ಅದರ ಬಾಕಿ ಏನೂ ಇಲ್ಲ ಎಂದು ಸೀಲು ಹೊಡೆದ ಕಾಗದ ಕೊಡುವ ತನಕ ಆ ಕೌಂಟರು ಬಿಟ್ಟು ಕದಲಲಿಲ್ಲ. ಅದನ್ನು ತೆಗೆದುಕೊಂಡು ಸೀದಾ ಒಂಟಿಕೊಪ್ಪಲ್‌ಗೆ ಹೋದೆ.

ಭಾವ ವರಾಂಡದಲ್ಲಿ ಪೇಪರು ಓದುತ್ತಿದ್ದರು. ಕಾಗದ ಕೈಗೆ ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳತನಕ ಓದಿ, ಮಡಿಸಿ ವಾಪಸು ಕೊಟ್ಟರು. ದಾರಿಯುದ್ದಕ್ಕೂ ನಾನು ಅವರ ಬೈಗುಳಕ್ಕೆ ಸಿದ್ಧಳಾಗುತ್ತಾ ಬಂದಿದ್ದೆ. ಬೈದರೆ ನಾನೂ ನಾಲ್ಕು ಮಾತಾಡಬಹುದು, ಅಕ್ಕ ನಡುವೆ ಬಂದು ಇಬ್ಬರನ್ನೂ ಗದರಬಹುದು, ಆಮೇಲೆ ಊಟಕ್ಕೆ ಎಲೆ ಹಾಕಬಹುದು.

"ಸರಿಯಾಯ್ತಲ್ಲ. ಬನ್ನಿ, ಒಳಗೆ ಕೂತ್ಕೊಳ್ಳಿ. ಕಾಫಿ ಕುಡ್ಕೊಂಡು ಹೋಗಿ," ಎಂದರು ಭಾವ.

ಅವರು ಅಕ್ಕನನ್ನು ಮದುವೆಯಾದಾಗ ನಾನು ಲಂಗ ಹಾಕುತ್ತಿದ್ದ ಹುಡುಗಿ. ಅಂದಿನಿಂದ ನನ್ನನ್ನು ನೀನು ಎಂದವರೇ ಹೊರತು ನೀವು ಎಂದವರಲ್ಲ. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ಒಮ್ಮೆ ಅವರ ಮುಖ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು, ಕಾಫಿಗೆ ನೀರಿಡಲು ಒಳಗೆ ಹೋದಳು.

ಎಂದಿನಂತೆ ಅವಳ ಹಿಂದೆಯೇ ಅಡುಗೆಮನೆಗೆ ಹೋಗಲು ನನ್ನ ಕಾಲು ಬರಲಿಲ್ಲ. ಆ ಮನೆಯಲ್ಲಿ ಮೊದಲ ಸಲ ನೆಂಟರ ಹಾಗೆ ಕುರ್ಚಿಯಲ್ಲಿ ಕೂತು, ಕೊಟ್ಟ ಕಾಫಿ ಕುಡಿದೆ.